ಗೊಬ್ಬೂರಿನ ಬಾವಿಯೂ ಧೀರೋದಾತ್ತ ಕತ್ತೆಯೂ

ಬಾವಿಗೆ ಬಿದ್ದ ಕತ್ತೆಯ ಕಥೆಯನ್ನು ನಾನು ಮೊದಲ ಸಲ ಕೇಳಿದ್ದು ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ. ಎರಡನೆಯ ಸಲ ಒಂದು ಸಹಕಾರ ಸಂಘದ ಸಭೆಯಲ್ಲಿ. ಮೂರನೆಯ ಸಲ, ಊಟದ ಪಂಕ್ತಿ ತಡವಾಗಿದ್ದ ಒಂದು ಮದುವೆಯ ಚಪ್ಪರದಲ್ಲಿ. ಆಮೇಲೆ ಲೆಕ್ಕವಿಡುವುದನ್ನು ಬಿಟ್ಟೆ. ವಾಚಕರೂ ಕೇಳಿಯೇ ಇರುತ್ತೀರಿ. ಕೇಳದ ಪುಣ್ಯವಂತರು ಯಾರಾದರೂ ಉಳಿದಿದ್ದರೆ ಅವರಿಗಾಗಿ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ.

ಒಬ್ಬ ರೈತನ ಮುದಿ ಕತ್ತೆ ಹಾಳುಬಾವಿಗೆ ಬಿದ್ದಿತು. ಮೇಲೆತ್ತುವ ಉಪಾಯ ಹೊಳೆಯಲಿಲ್ಲ. ಕತ್ತೆ ಹೇಗೂ ಮುದಿಯದು, ಬಾವಿಯೂ ಹೇಗೂ ಮುಚ್ಚತಕ್ಕದ್ದು ಎಂದು ರೈತನು ನೆರೆಹೊರೆಯವರನ್ನು ಕರೆದು ಮಣ್ಣು ಹಾಕಿಸತೊಡಗಿದ. ಕತ್ತೆ ಮೊದಲು ಗೋಳಿಟ್ಟಿತು. ಬಳಿಕ ಏನೋ ಜ್ಞಾನೋದಯವಾದಂತೆ, ಬೆನ್ನ ಮೇಲೆ ಬಿದ್ದ ಮಣ್ಣನ್ನು ಕೊಡವಿ, ಕಾಲಡಿಗೆ ಮೆಟ್ಟಿ, ಒಂದೊಂದೇ ಹೆಜ್ಜೆ ಮೇಲೇರುತ್ತ, ಕೊನೆಗೆ ಬಾವಿಯ ಅಂಚನ್ನು ದಾಟಿ ಹೊರಟೇಹೋಯಿತು. “ಆದ್ದರಿಂದ ಬಂಧುಗಳೇ, ಬದುಕು ನಿಮ್ಮ ಮೇಲೆ ಮಣ್ಣು ಸುರಿದಾಗ...” ಎಂದು ಭಾಷಣಕಾರರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ನಾನೂ ತಟ್ಟಿದ್ದೇನೆ, ಸುಳ್ಳೇಕೆ ಹೇಳಲಿ?

ಆದರೆ ಈ ಕತ್ತೆಗೆ ಊರಿಲ್ಲವೆಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ! ಬಾವಿಯ ಅಗಲವೆಷ್ಟು, ಮಣ್ಣು ಯಾವ ಬಣ್ಣದ್ದು, ಯಾವ ಹೊಲದಿಂದ ಬಂದದ್ದು, ಏನೂ ಗೊತ್ತಿಲ್ಲ. ಊರಿಲ್ಲದ ಕಥೆಗೆ ಪ್ರಶ್ನೆ ಕೇಳುವವರೂ ಇರುವುದಿಲ್ಲ. ಆದ್ದರಿಂದ ಅದಕ್ಕೊಂದು ಊರು ಕೊಟ್ಟು ನೋಡೋಣವೆಂದು ನನಗೆ ಒಂದು ದಿನ ದುರ್ಬುದ್ಧಿ ಹುಟ್ಟಿತು. ಕೊಟ್ಟ ಊರು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗೊಬ್ಬೂರ.

ಸರಕಾರಿ ಕಾಗದಗಳಲ್ಲಿ ಅದು ‘ಗೊಬ್ಬೂರ (ಬಿ)’. ಕಂಸದೊಳಗೆ ಕೈಕಾಲು ಮಡಚಿ ಕುಳಿತಿರುವ ಈ ‘ಬಿ’ಯನ್ನು ಕಂಡು ಪರಸ್ಥಳದವರು ‘ಎ’ ಎಲ್ಲಿದೆಯೆಂದು ಹುಡುಕಿಯಾರು! ಅದು ನಿಜಾಮರ ಕಾಲದ ‘ಬುಜುರ್ಗ್’ ಎಂಬ ಮಾತಿನ ಉಳಿಕೆ. ಹಿರಿಯ ಊರಿಗೆ ಬುಜುರ್ಗ್, ಕಿರಿಯದಕ್ಕೆ ಖುರ್ದ್ ಎಂದು ಬರೆಯುವುದು ಆ ಕಾಲದ ಕಂದಾಯದವರ ರೂಢಿಯಾಗಿತ್ತು. 1948ರಲ್ಲಿ ನಿಜಾಮರ ಆಡಳಿತ ಹೋಯಿತು, ‘ಬಿ’ ಉಳಿಯಿತು. ಭೀಮಾ ಅಮರ್ಜಾ ನದಿಗಳ ಸಂಗಮದ ಗಾಣಗಾಪುರ ಇದೇ ತಾಲ್ಲೂಕಿನದು. ಸುತ್ತಲೂ ಎರೆ ಭೂಮಿ, ತೊಗರಿ ಮತ್ತು ಜೋಳ. ಎರೆ ಮಣ್ಣಿನ ಸ್ವಭಾವವನ್ನು ಬಲ್ಲವರೇ ಬಲ್ಲರು. ಬೇಸಿಗೆಯಲ್ಲಿ ಅದು ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಹಾರೆ ಹಾಕಿದರೆ ಹಾರೆಯೇ ಠಣ್ಣೆನ್ನುತ್ತದೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬಿ, ಹಿಟ್ಟಿನ ಮುದ್ದೆಯಂತೆ ಕಾಲಿಗಂಟುತ್ತದೆ. ಮಳೆಗಾಲದಲ್ಲಿ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಮನೆಗೆ ಬರುವುದು. ಕತ್ತೆ ಕೊಡವಿಕೊಳ್ಳಬೇಕಾದ ಮಣ್ಣು ಇದು.

ಇನ್ನು ಕಥೆ. ಇದರಲ್ಲಿ ಬರುವ ಜನರೆಲ್ಲ ನನ್ನ ಕಲ್ಪನೆಯವರು. ಕತ್ತೆಯಂತೂ ಸಾರ್ವಜನಿಕ ಸ್ವತ್ತು.

ಬೇಸಿಗೆಯ ಒಂದು ಬೆಳಗಿನ ಜಾವ ಗೊಬ್ಬೂರಿನ ಹೊರಗಿನ ಹಾಳುಬಾವಿಗೆ ಕತ್ತೆ ಬಿದ್ದಿತು. ಬಾವಿ ಬತ್ತಿ ಬಹಳ ವರ್ಷವಾಗಿತ್ತು. ತಳದಲ್ಲಿ ಹೂಳು ತುಂಬಿದ್ದರಿಂದ ಕತ್ತೆಗೆ ಪೆಟ್ಟಾಗಲಿಲ್ಲ; ಮಾನಭಂಗ ಮಾತ್ರ ಆಯಿತು. ಅದರ ಯಜಮಾನ ಬಡವ. ಕತ್ತೆ ಹೊತ್ತರೆ ಅವನ ಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಅವನು ಬಾವಿಯ ಕಟ್ಟೆಯ ಮೇಲೆ ಕುಳಿತು ಅಳತೊಡಗಿದನು. ಊರು ಕೂಡಿತು.

“ಅಳಬ್ಯಾಡೋ ತಮ್ಮಾ,” ಎಂದರು ಒಬ್ಬ ಮುತ್ಯಾ. “ಮಿಣಿ ತರ್ರಿ, ನಾಕ ಗೋಣಿಚೀಲ ತರ್ರಿ. ಒಬ್ಬ ಹುಡುಗ ಇಳದು ಹೊಟ್ಟಿ ಕೆಳಗ ಚೀಲಾ ಹಾಕಿ ಕಟ್ಟಲಿ. ಎಂಟ ಮಂದಿ ಎಳದ್ರ ಬರ್ತದ. ಊಟದ ಹೊತ್ತಿಗೆ ಮುಗೀತದ.”

ಮಿಣಿ ಬಂದಿತು. ಚೀಲ ಬಂದವು. ಹುಡುಗನೊಬ್ಬ ಅಂಗಿ ಕಳಚಿ ಸಿದ್ಧನಾದ. ಅಷ್ಟರಲ್ಲಿ ಗಾಣಗಾಪುರಕ್ಕೆ ಹೊರಟಿದ್ದ ಒಂದು ಕಾರಿನ ಗಾಲಿಗೆ ಮುಳ್ಳು ನೆಟ್ಟಿತು. ಅದರಿಂದ ಇಳಿದವರು ಪಟ್ಟಣದ ಒಬ್ಬ ಪ್ರೇರಣಾ ಉಪನ್ಯಾಸಕರು. ಬಾವಿಯನ್ನು ಕಂಡರು, ಕತ್ತೆಯನ್ನು ಕಂಡರು, ಹಗ್ಗವನ್ನು ಕಂಡು ಹೌಹಾರಿದರು.

“ನಿಲ್ಲಿಸಿ!” ಎಂದು ಕೈಯೆತ್ತಿದರು. “ಎಂಥ ಅನ್ಯಾಯ ಮಾಡುತ್ತಿದ್ದೀರಿ! ಹಗ್ಗ ಹಾಕಿದರೆ ಅದರ ಆತ್ಮಶಕ್ತಿಯ ಗತಿ ಏನು? ಪರಾವಲಂಬನೆ ಕಲಿಸುತ್ತೀರಾ? ಮಣ್ಣು ಹಾಕಿ. ತಾನೇ ಮೇಲೇರಿ ಬರುತ್ತದೆ.”

ನಮ್ಮ ಹಳ್ಳಿಗಳಲ್ಲಿ ಪರಸ್ಥಳದಿಂದ ಬಂದವರಿಗೆ, ಅದರಲ್ಲಿಯೂ ಕಾರಿನಿಂದ ಇಳಿದವರಿಗೆ, ಎದುರಾಡುವ ಪದ್ಧತಿಯಿಲ್ಲ. ಮುತ್ಯಾ ಮಾತ್ರ ಮೆಲ್ಲನೆ ಕೇಳಿದರು: “ಖರೇ ಅದರಿ ಸಾಹೇಬರ. ಆದ್ರ ಮಣ್ಣು ಯಾರ ಹೊಲದ್ದು ತರಬೇಕ್ರಿ?”

“ಅದು ಅಪ್ರಸ್ತುತ,” ಎಂದರು ಉಪನ್ಯಾಸಕರು.

ಅಪ್ರಸ್ತುತವಾದದ್ದು ಯಾವಾಗಲೂ ಯಾರದೋ ಒಬ್ಬರ ಹೊಲದಲ್ಲಿರುತ್ತದೆ. ಬಾವಿಗೆ ತೀರ ಹತ್ತಿರವಿದ್ದದ್ದು, ಗಂಡನಿಲ್ಲದ ಒಬ್ಬ ಹೆಣ್ಣುಮಗಳ ಎರಡೆಕರೆ. ಅಲ್ಲಿಂದಲೇ ಅಗೆಯುವುದೆಂದು ಊರಿನ ನಾಲ್ಕು ಮಂದಿ ಹಿರಿಯರು ತೀರ್ಮಾನಿಸಿದರು. ಅವರ ಹೊಲಗಳು ದೂರವಿದ್ದವು. “ಮಣ್ಣೆಲ್ಲಾ ಒಯ್ದ್ರ ನಾ ತೊಗರಿ ಎಲ್ಲಿ ಬಿತ್ಲೆಪ್ಪಾ?” ಎಂದು ಆಕೆ ಕೇಳಿದಳು. ಉಪನ್ಯಾಸಕರು ಆಕೆಯನ್ನು ಕನಿಕರದಿಂದ ನೋಡಿ, “ತಾಯೀ, ಕಳೆದುಕೊಳ್ಳುವುದನ್ನು ಕಲಿತವರೇ ಗಳಿಸುತ್ತಾರೆ,” ಎಂದರು. ಮಾತು ಚೆನ್ನಾಗಿತ್ತು. ಎರಡು ಮೂರು ಜನ ತಲೆದೂಗಿದರು.

ಶಾಲೆಯ ಮಾಸ್ತರರು ಅಷ್ಟರಲ್ಲಿ ಬೀಡಿಯ ಕಟ್ಟಿನ ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಬಾವಿಯ ಅಗಲ 20 ಅಡಿ, ಆಳ 40 ಅಡಿ. ತುಂಬಬೇಕಾದ ಮಣ್ಣು ಸುಮಾರು 12,500 ಘನ ಅಡಿ. ಒಂದು ಪುಟ್ಟಿಗೆ ಅರ್ಧ ಘನ ಅಡಿ ಹಿಡಿದರೆ 25,000 ಪುಟ್ಟಿ. ಹತ್ತು ಜನ, ಬೇಸಿಗೆಯ ಬಿರುಸು ನೆಲವನ್ನು ಅಗೆದು ಹೊತ್ತು ತಲೆಗೆ ದಿನಕ್ಕೆ ನೂರು ಪುಟ್ಟಿಯಂತೆ ಹಾಕಿದರೆ 25 ದಿನ. ಮಾಸ್ತರರು ಕಾಗದವನ್ನು ಉಪನ್ಯಾಸಕರ ಮುಂದೆ ಹಿಡಿದರು. ಅವರು ಅದನ್ನು ಓದದೆ, “ಸಾವಿರ ಗಾವುದದ ಪಯಣವೂ ಒಂದು ಪುಟ್ಟಿಯಿಂದಲೇ ಆರಂಭ,” ಎಂದುಬಿಟ್ಟರು.

ಮೊದಲನೆಯ ಪುಟ್ಟಿ ಬಿದ್ದಿತು. ಕತ್ತೆ ಕೊಡವಲಿಲ್ಲ, ಮೆಟ್ಟಲಿಲ್ಲ. ನಾಲ್ಕು ಹೆಜ್ಜೆ ಆಚೆ ಸರಿದು ನಿಂತಿತು. 20 ಅಡಿ ಅಗಲದ ಬಾವಿಯಲ್ಲಿ ಯಾವ ಮಾನವಂತ ಪ್ರಾಣಿಯಾದರೂ ಮಾಡುವುದು ಅದನ್ನೇ. ಮಣ್ಣು ಈ ಕಡೆ ಬಿದ್ದರೆ ಕತ್ತೆ ಆ ಕಡೆ. ಆ ಕಡೆ ಬಿದ್ದರೆ ಈ ಕಡೆ. ಸಂಜೆಯ ಹೊತ್ತಿಗೆ ಬಾವಿಯ ನಡುವೆ ಒಂದು ಗುಡ್ಡವೂ, ಗುಡ್ಡದ ಸುತ್ತ ಒಂದು ಪ್ರದಕ್ಷಿಣೆಯ ಹಾದಿಯೂ ಆಗಿದ್ದವು. “ಚಿಂತನೆ ನಡೆಸುತ್ತಿದೆ,” ಎಂದರು ಉಪನ್ಯಾಸಕರು. ಗಾಲಿ ದುರಸ್ತಾಗಿತ್ತು. ಕೊನೆಯ ದಿನ ಬಂದು ಭಾವಚಿತ್ರ ತೆಗೆದುಕೊಳ್ಳುವುದಾಗಿ ಹೇಳಿ ಹೊರಟುಹೋದರು.

ಕತ್ತೆಗೆ ಹೊಟ್ಟೆಯೆಂಬುದಿದೆ ಎಂಬ ಸಂಗತಿ ಮೂಲ ಕಥೆಯಲ್ಲಿ ಬರುವುದಿಲ್ಲ. ಗೊಬ್ಬೂರಿನಲ್ಲಿ ಅದು ಮೊದಲ ರಾತ್ರಿಯೇ ಎಲ್ಲರಿಗೂ ಕೇಳಿಸಿತು. ಮರುದಿನದಿಂದ ಕಣಿಕಿಯ ಸೂಡನ್ನು ಹಗ್ಗಕ್ಕೆ ಕಟ್ಟಿ ಇಳಿಸುವುದಾಯಿತು. ನೀರಿನ ಕೊಡವನ್ನೂ ಹಗ್ಗಕ್ಕೆ ಕಟ್ಟಿಯೇ. ಹಗ್ಗವು ದಿನಕ್ಕೆ ಎರಡು ಸಲ ಕತ್ತೆಯವರೆಗೆ ಹೋಗಿ ಬರಿದೇ ಮೇಲಕ್ಕೆ ಬರುತ್ತಿತ್ತು.

ಮಾಸ್ತರರ ಲೆಕ್ಕದಂತೆ ಇನ್ನೂ 24 ದಿನ ಕಾಯಬೇಕು. ಕತ್ತೆ ಬಾವಿಯಲ್ಲಿರಲಿ, ಅಷ್ಟರಲ್ಲಿ ನಾವು ಅದರ ಬಂಧುಬಳಗವನ್ನು ವಿಚಾರಿಸಿಕೊಂಡು ಬರೋಣ.

ಪ್ರೇರಣೆಯ ಅರಣ್ಯದಲ್ಲಿ ಕತ್ತೆಯೊಂದೇ ಅಲ್ಲ, ಬೇರೆ ಮೃಗಪಕ್ಷಿಗಳೂ ಉಂಟು. ಹದ್ದು ಇದೆ. ನಲವತ್ತು ವರ್ಷವಾದಾಗ ಅದು ಬೆಟ್ಟದ ತುದಿಗೆ ಹೋಗಿ, ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಂಡು, ಉಗುರು ಗರಿಗಳನ್ನು ಕಿತ್ತುಕೊಂಡು, 150 ದಿನ ತಪಸ್ಸು ಮಾಡಿ, ಹೊಸ ಕೊಕ್ಕಿನೊಡನೆ ಇನ್ನೂ ಮೂವತ್ತು ವರ್ಷ ಬಾಳುತ್ತದಂತೆ. ಕಾಡಿನಲ್ಲಿ ಹದ್ದುಗಳ ಆಯುಸ್ಸು ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ವರ್ಷ. ನಲವತ್ತನೆಯ ವರ್ಷದ ವೈರಾಗ್ಯಕ್ಕೆ ಅವುಗಳಲ್ಲಿ ಬಹುಪಾಲು ಉಳಿದೇ ಇರುವುದಿಲ್ಲ. ಕೊಕ್ಕು ಮುರಿದ ಹದ್ದು ಉಪವಾಸ ಬಿದ್ದು ಸಾಯುತ್ತದೆ. ಸಿಂಹವಿದೆ. ಆಫ್ರಿಕದಲ್ಲಿ ಪ್ರತಿದಿನ ಬೆಳಗಾಗುತ್ತಲೇ ಸಿಂಹವೂ ಜಿಂಕೆಯೂ ಎದ್ದು ಓಡತೊಡಗುತ್ತವೆ, ಆದ್ದರಿಂದ ನೀವೂ ಎದ್ದು ಓಡಿರಿ ಎಂಬುದು ಅದರ ಬೋಧೆ. ನಿಜವಾದ ಸಿಂಹ ದಿನದ 24 ಗಂಟೆಗಳಲ್ಲಿ ಸುಮಾರು 20 ಗಂಟೆ ಬಿದ್ದುಕೊಂಡೇ ಇರುತ್ತದೆ. ಬೇಟೆಯೂ ಬಹುಮಟ್ಟಿಗೆ ರಾತ್ರಿಯ ಕೆಲಸ. ಇದನ್ನು ತಿಳಿದ ಮೇಲೆ ನನಗೆ ಸಿಂಹದ ಮೇಲೆ ಗೌರವ ಹೆಚ್ಚಿತು.

ಕಪ್ಪೆಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. ನೀರನ್ನು ಮೆಲ್ಲಮೆಲ್ಲನೆ ಕಾಯಿಸಿದರೆ ಕಪ್ಪೆ ಅರಿಯದೆ ಕುಳಿತು ಬೆಂದುಹೋಗುತ್ತದೆಂದು ಎಲ್ಲ ಉಪನ್ಯಾಸಕರೂ ಹೇಳುತ್ತಾರೆ. ಜರ್ಮನಿಯ ಗೋಲ್ಟ್ಸ್ ಎಂಬ ಶರೀರವಿಜ್ಞಾನಿ 1869ರಲ್ಲಿ ಇದನ್ನು ಪರೀಕ್ಷಿಸಿದ. ಮೆದುಳಿದ್ದ ಕಪ್ಪೆ ನೀರು 25 ಡಿಗ್ರಿ ಆಗುತ್ತಲೇ ಚಡಪಡಿಸಿ ಹೊರಬೀಳಲು ನೋಡಿತು. ಕುಳಿತೇ ಇದ್ದದ್ದು ಮೆದುಳನ್ನು ತೆಗೆದುಹಾಕಿದ್ದ ಕಪ್ಪೆ! ಇರುವೆಯ ಕಥೆಯನ್ನು ಫ್ರಾನ್ಸಿನ ಕೀಟಶಾಸ್ತ್ರಜ್ಞ ಫಾಬ್ರ್ ತಲೆಕೆಳಗು ಮಾಡಿದ. ಈಸೋಪನ ಮೂಲದಲ್ಲಿ ಇರುವೆಯ ಬಳಿ ಬೇಡಲು ಬರುವುದು ಜೀರುಂಡೆ. ಫಾಬ್ರ್ ಕಣ್ಣಿಟ್ಟು ನೋಡಿದಾಗ ಕಂಡದ್ದೇ ಬೇರೆ. ಸುಡುಬೇಸಿಗೆಯಲ್ಲಿ ರೆಂಬೆಗೆ ಸೂಜಿಯಂಥ ಮೂತಿಯನ್ನು ಚುಚ್ಚಿ ರಸ ತೆಗೆಯುವುದು ಜೀರುಂಡೆ. ಗುಂಪು ಕಟ್ಟಿ ಬಂದು, ಅದರ ಕಾಲು ಕಚ್ಚಿ ಎಬ್ಬಿಸಿ ಆ ರಸವನ್ನು ಹೀರುವುದು ನಮ್ಮ ಉದ್ಯೋಗಶೀಲ ಇರುವೆ. ಚಳಿಗಾಲದಲ್ಲಿ ಬೇಡಲು ಬರುವ ಮಾತಂತೂ ಇಲ್ಲವೇ ಇಲ್ಲ, ಅಷ್ಟರೊಳಗೆ ಜೀರುಂಡೆ ಸತ್ತಿರುತ್ತದೆ.

ನೀತಿಕಥೆಯನ್ನು ಹೀಗೆ ಮಗುಚಿ ಹಾಕುವ ಚಟ ನನ್ನದೊಂದೇ ಅಲ್ಲ. ಅಮೆರಿಕದಲ್ಲಿ ಆಂಬ್ರೋಸ್ ಬಿಯರ್ಸ್ 1899ರಲ್ಲಿ, ಜೇಮ್ಸ್ ಥರ್ಬರ್ 1940ರಲ್ಲಿ ಇಂಥ ಕಥೆಗಳ ಪುಸ್ತಕಗಳನ್ನೇ ತಂದರು. ನಮ್ಮಲ್ಲಿ ರಾಶಿಯವರ ‘ಕೊರವಂಜಿ’ 1942ರಿಂದ 1967ರವರೆಗೆ ಗಂಭೀರ ಮುಖದ ಎಲ್ಲವನ್ನೂ ಅಣಕಿಸಿತು. ಆ ಕಾಲದಲ್ಲಿ ಈ ಉಪನ್ಯಾಸಕರು ಇದ್ದಿದ್ದರೆ ಒಂದು ವಿಶೇಷ ಸಂಚಿಕೆಗೆ ಸಾಲುವಷ್ಟು ಸಾಮಗ್ರಿ ಸಿಗುತ್ತಿತ್ತು.

ಆದರೆ ಪ್ರಾಣಿಗಳ ಕಥೆಯೆಂದರೆ ಮೊದಲಿನಿಂದಲೂ ಹೀಗೆಯೇ ಇತ್ತೆಂದು ತಿಳಿಯಬಾರದು. ಗೊಬ್ಬೂರಿನ ನೆಲವೇ ಇದಕ್ಕೆ ಸಾಕ್ಷಿ. ಮಾನ್ಯಖೇಟ, ಕಲ್ಯಾಣಗಳ ಈ ಸೀಮೆಯನ್ನು ಚಾಲುಕ್ಯ ಜಯಸಿಂಹ ಜಗದೇಕಮಲ್ಲನು ಆಳುತ್ತಿದ್ದಾಗ, 1031ರ ಸುಮಾರಿಗೆ, ಅವನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಕನ್ನಡದಲ್ಲಿ ಪಂಚತಂತ್ರವನ್ನು ಬರೆದ. ಸಂಧಿವಿಗ್ರಹಿಯೆಂದರೆ ಯಾರೊಡನೆ ಯುದ್ಧ, ಯಾರೊಡನೆ ಒಪ್ಪಂದ ಎಂಬುದನ್ನು ನೋಡಿಕೊಳ್ಳುವ ಮಂತ್ರಿ. ಅಂಥವನು ಸಿಂಹ, ನರಿ, ಎತ್ತುಗಳ ಕಥೆಯನ್ನು ಹೇಳಲು ಕುಳಿತದ್ದು ಚಪ್ಪಾಳೆಗಾಗಿ ಅಲ್ಲ. ಅವನು ಅನುಸರಿಸಿದ್ದು ನಮಗೆಲ್ಲ ಪರಿಚಿತವಾದ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನದನ್ನು. ಅವನ ಐದು ತಂತ್ರಗಳ ಹೆಸರು ನೋಡಿ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಇವುಗಳಲ್ಲಿ ‘ಉತ್ಸಾಹತಂತ್ರ’ ಎಂಬುದಿಲ್ಲ.

ಪಂಚತಂತ್ರದ ಪರಂಪರೆಯಲ್ಲಿ ಕತ್ತೆಯ ಕಥೆಯೂ ಒಂದುಂಟು. ಕಾಯಿಲೆ ಬಿದ್ದ ಸಿಂಹಕ್ಕೆ ಆಹಾರವಾಗಿ ನರಿಯೊಂದು ಕತ್ತೆಯನ್ನು ನಯವಾದ ಮಾತಿನಿಂದ ಕರೆತರುತ್ತದೆ. ಕತ್ತೆ ಸಿಂಹವನ್ನು ಕಂಡು ಓಡಿಹೋಗುತ್ತದೆ. ನರಿ ಇನ್ನೂ ನಯವಾದ ಮಾತಿನಿಂದ ಮತ್ತೆ ಕರೆತರುತ್ತದೆ. ಈ ಸಲ ಕತ್ತೆ ಉಳಿಯುವುದಿಲ್ಲ. ಸಿಂಹ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ನರಿ ಅದರ ಕಿವಿಯನ್ನೂ ಹೃದಯವನ್ನೂ ತಿಂದು ಮುಗಿಸಿರುತ್ತದೆ. ಎಲ್ಲಿ ಅವು ಎಂದು ಸಿಂಹ ಗರ್ಜಿಸಿದಾಗ, “ಪ್ರಭೂ, ಕಿವಿ ಹೃದಯಗಳು ಇದ್ದಿದ್ದರೆ ಅದು ಎರಡನೆಯ ಸಲ ಬರುತ್ತಿತ್ತೇ?” ಎನ್ನುತ್ತದೆ ನರಿ. ಹಳೆಯವರು ಕತ್ತೆಯ ಕಿವಿಯಲ್ಲಿ ಹೇಳಿದ್ದು ಇದು: ಸವಿಮಾತಿನವನನ್ನು ನೋಡಿಕೋ, ಮಣ್ಣು ಹಾಕುವವನ ಮುಖವನ್ನು ಗುರುತಿಟ್ಟುಕೋ. ಹೊಸ ಕಥೆಯಲ್ಲಿ ಮಣ್ಣು ಹಾಕುವವರಿಗೆ ಮುಖವೇ ಇಲ್ಲ. ಎಲ್ಲ ಹೊಣೆಯೂ ಕತ್ತೆಯ ಬೆನ್ನಿನ ಮೇಲೆ. ಮೇಲೆ ಬಂದರೆ ಕಥೆ ಹೇಳಿದವರ ಕೀರ್ತಿ. ಬಾರದಿದ್ದರೆ ಕತ್ತೆ ಸರಿಯಾಗಿ ಕೊಡವಲಿಲ್ಲ.

ಈ ಸೀಮೆಯವರ ಮುಂದೆ ಆ ಕಥೆಯನ್ನು ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಊರುಗಳಲ್ಲಿ ನಿಂತ ಬೆಳೆಯನ್ನೂ ಮನೆಗಳನ್ನೂ ಮುಳುಗಿಸಿತು. 2022ರಲ್ಲಿ ತೊಗರಿಗೆ ನೆಟೆ ರೋಗ ಬಂದಿತು. 2023ರಲ್ಲಿ ಮಳೆಯೇ ಕೈಕೊಟ್ಟಿತು. 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕಲಬುರಗಿಯ ತೊಗರಿ ಇದೇ. ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವಂಥದು. ಬೇರಿನಿಂದ ಹೊಕ್ಕು, ನೀರು ಏರುವ ನಾಳವನ್ನೇ ಕಟ್ಟಿ, ಕಾಯಿ ಹಿಡಿಯುವ ಹೊತ್ತಿಗೆ ಗಿಡವನ್ನು ನಿಂತಲ್ಲೇ ಒಣಗಿಸುತ್ತದೆ. ಅದಕ್ಕೆ ರೋಗ ತಡೆಯುವ ತಳಿಯ ಬೀಜ ಬೇಕು. ವರ್ಷ ವರ್ಷವೂ ಅದೇ ನೆಲದಲ್ಲಿ ತೊಗರಿಯನ್ನೇ ಬಿತ್ತದೆ ಬೆಳೆ ಬದಲಿಸಬೇಕು. ಜೋಳದ ಜೊತೆ ಬೆಳೆದರೆ ಹಾವಳಿ ತಗ್ಗುತ್ತದೆ. ಹೊತ್ತಿಗೆ ಸರಿಯಾಗಿ ಪರಿಹಾರದ ಹಣ ಕೈಸೇರಿದರೆ ಮುಂದಿನ ಬಿತ್ತನೆಗೆ ಸಾಲ ತಗ್ಗುತ್ತದೆ. ಇವೆಲ್ಲ ಹಗ್ಗದ ಜಾತಿಗೆ ಸೇರಿದ ವಸ್ತುಗಳು. ಬೇರಿಗೆ ಹತ್ತಿದ ರೋಗವನ್ನು ಕೊಡವಿಕೊಂಡು ಮೇಲೇಳೆಂದು ತೊಗರಿಗೆ ಉಪನ್ಯಾಸ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ. ತೊಗರಿ ಬೆಳೆದವನಿಗೆ ಕೊಡುವವರು ಬೇಕಾದಷ್ಟಿದ್ದಾರೆ.

ಇರಲಿ, ಕತ್ತೆ ಕಾಯುತ್ತಿದೆ.

ಹದಿನೆಂಟನೆಯ ದಿನ ಗೊಬ್ಬೂರಿಗೆ ಮುಂಗಾರಿನ ಮೊದಲ ಮಳೆ ಬಂದಿತು. ಬಾವಿಯಲ್ಲಿ ಬಿದ್ದಿದ್ದ ಹದಿನೆಂಟು ಸಾವಿರ ಪುಟ್ಟಿ ಎರೆ ಮಣ್ಣು ನೀರು ಕುಡಿದು ಮೆತ್ತಗಾಯಿತು. ಕತ್ತೆಯ ಕಾಲು ಮೊಣಕಾಲಿನವರೆಗೆ ಹೂತುಕೊಂಡವು. ಈಗ ಅದು ಪ್ರದಕ್ಷಿಣೆ ಬರುವುದನ್ನೂ ನಿಲ್ಲಿಸಿತು. ಪುಟ್ಟಿ ಹೊರುವವರು ಮೇಲಿನಿಂದ ನೋಡಿದರು. ಇನ್ನೊಂದು ಪುಟ್ಟಿ ಹಾಕಿದರೆ ಅದು ಬೆನ್ನಿನ ಮೇಲೆಯೇ ಬೀಳುವುದು ಖಂಡಿತವಾಗಿತ್ತು. ಯಾರೂ ಹಾಕಲಿಲ್ಲ.

“ಸಾಹೇಬರು ಬಂದು ಕೇಳಿದ್ರ?” ಎಂದನೊಬ್ಬ.

“ಸಾಹೇಬರು ಬರೂದು ಹಗಲಾಗ,” ಎಂದರು ಮುತ್ಯಾ.

ಆ ರಾತ್ರಿ ಬೆಳದಿಂಗಳಿತ್ತು. ಮಿಣಿ ಮತ್ತೆ ಬಂದಿತು, ಗೋಣಿಚೀಲ ಬಂದವು. ಅಂಗಿ ಕಳಚಿದ್ದ ಅದೇ ಹುಡುಗ ಇಳಿದ. ಎಂಟು ಮಂದಿ ಎಳೆದರು. ಒಮ್ಮೆ ಹಗ್ಗ ಜಾರಿ ಇಬ್ಬರ ಅಂಗೈ ಸುಲಿಯಿತು. ಕತ್ತೆ ಮೇಲೆ ಬಂದು ನಿಂತು, ಮೈ ಕೊಡವಿತು. ಇಡೀ ಪ್ರಕರಣದಲ್ಲಿ ಅದು ಮೈ ಕೊಡವಿದ್ದು ಅದೊಂದೇ ಸಲ. ಅದೂ ಬಾವಿಯ ಹೊರಗೆ. ಬೆಳಗಾಗುವುದರೊಳಗೆ ಎಲ್ಲರೂ ಕೈತೊಳೆದುಕೊಂಡು ಮನೆ ಸೇರಿದ್ದರು.

ಉಪನ್ಯಾಸಕರು ಹೇಳಿದ ದಿನ ತಪ್ಪದೆ ಬಂದರು. ಅರ್ಧಕ್ಕಿಂತ ಹೆಚ್ಚು ತುಂಬಿದ ಬಾವಿ, ಕಟ್ಟೆಯ ಪಕ್ಕದಲ್ಲಿ ಕಣಿಕಿ ಮೆಲ್ಲುತ್ತ ನಿಂತ ಕತ್ತೆ. ಅವರಿಗೆ ಬೇಕಾದದ್ದು ಅಷ್ಟೆ. ಕತ್ತೆಯ ಕೊರಳಿಗೆ ಹಾರ ಬಿದ್ದಿತು. ಕತ್ತೆ ಹಾರವನ್ನೂ ಮೆಂದಿತು. “ಕೊನೆಯ ಹನ್ನೆರಡು ಅಡಿಯನ್ನು ಅದು ಕೇವಲ ಸಂಕಲ್ಪಬಲದಿಂದ ಹತ್ತಿದೆ!” ಎಂದು ಅವರು ಗದ್ಗದಿತರಾಗಿ ಸಾರಿದಾಗ, ಅಂಗೈಗೆ ಅರಿವೆ ಸುತ್ತಿಕೊಂಡಿದ್ದ ಇಬ್ಬರು ಚಪ್ಪಾಳೆ ತಟ್ಟಲಾಗದೆ ಸುಮ್ಮನೆ ನಿಂತಿದ್ದರು. ಜನರಲ್ಲಿ ಕೃತಜ್ಞತೆಯ ಭಾವ ಕಡಮೆಯಾಗುತ್ತಿದೆಯೆಂದು ಉಪನ್ಯಾಸಕರು ಆಮೇಲೆ ಒಂದು ಕಡೆ ನೊಂದುಕೊಂಡರು.

ಭಾವಚಿತ್ರ ತೆಗೆಯುವವನು ಎಲ್ಲರೂ ಚೌಕಟ್ಟಿನೊಳಗೆ ಬರಲೆಂದು ಹಿಂದೆ ಸರಿಯುತ್ತ ಸರಿಯುತ್ತ ಹೋಗಿ ತಟ್ಟನೆ ಕಾಣದಾದನು. ಬಾವಿಗೆ ಹಾಕಿದ ಮಣ್ಣು ಎಲ್ಲಿಂದಲೋ ಬಂದದ್ದಷ್ಟೆ? ಆ ಹೆಣ್ಣುಮಗಳ ಹೊಲದಲ್ಲಿ, ಕರಾರುವಾಕ್ಕಾಗಿ ಬಾವಿಗೆ ಬಿದ್ದಷ್ಟೇ ಘನ ಅಡಿಯ ಒಂದು ಗುಂಡಿ ತಯಾರಾಗಿತ್ತು. ಅದರೊಳಗೆ ಮಳೆಯ ನೀರೂ ನಿಂತಿತ್ತು. ಒಳಗಿನಿಂದ “ಅಯ್ಯೋ, ಹಗ್ಗ! ಹಗ್ಗ!” ಎಂಬ ಕೂಗು ಕೇಳಿಸಿತು. ಬಂದ ಮಾತು ಅದೊಂದೇ. ಸಂಕಲ್ಪಬಲದ ಪ್ರಸ್ತಾಪ ಬರಲಿಲ್ಲ.

ಹಗ್ಗ ಹಾಕಿ ಎಳೆದುಕೊಂಡರು. ಉಪನ್ಯಾಸಕರು ಗಡಿಯಾರ ನೋಡಿಕೊಂಡರು. ಅಫಜಲಪುರದಲ್ಲಿ ಇನ್ನೊಂದು ಸಭೆಯಿತ್ತು. ಕಾರು ಹೊರಡುವ ಹೊತ್ತಿಗೆ ಆ ಹೆಣ್ಣುಮಗಳು ಕಿಟಕಿಯ ಹತ್ತಿರ ಬಂದು ನಿಂತಳು.

“ಸಾಹೇಬರ, ಇದಕ್ಕ ಹಾಕ್ಲಿಕ್ಕೆ ಮಣ್ಣು ಎಲ್ಲಿಂದ ತರೂಣ್ರಿ?”

ಕಾರಿನ ಗಾಜು ಮೇಲಕ್ಕೇರಿತು. ಧೂಳಿನ ಬದಲು ಕೆಸರು ಹಾರಿತು.

ಕತ್ತೆಯ ಯಜಮಾನ ಮಿಣಿಯನ್ನು ಸುತ್ತಿ, ಅದಕ್ಕಂಟಿದ್ದ ಎರೆ ಮಣ್ಣನ್ನು ಕೈಯಿಂದ ತೆಗೆದು ಅವಳ ಹೊಲಕ್ಕೇ ಹಾಕಿದನು. ಆಮೇಲೆ ಮಿಣಿಯನ್ನು ಅವಳ ಮುಂದೆ ಚಾಚಿದನು.

“ಇದು ನಿನ್ನ ಹಂತೇಲಿ ಇರ್ಲಿ ಯಕ್ಕಾ. ಮಳಿಗಾಲ ಈಗ ಸುರು ಆಗೇದ.”